ಚಳಿಗಾಲದ ಮೇವಿನ ಲೆಕ್ಕ

ಬ್ರಿಟನ್ ಮತ್ತು ಐರ್ಲೆಂಡ್‌ಗಳ ನಡುವಿನ ಕಡಲಲ್ಲಿ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. ಮೋಟಾರ್‌ಸೈಕಲ್ ರೇಸಿನಿಂದ ಲೋಕಪ್ರಸಿದ್ಧವಾದ ಈ ದ್ವೀಪದ ರಾಜಧಾನಿ ಡಗ್ಲಸ್‌ನಲ್ಲಿ ವೇಗದ ಗೊಡವೆಯೇ ಇಲ್ಲದ ಇನ್ನೊಂದು ವಾಹನವೂ ಉಂಟು. ಅದು ಕುದುರೆ ಎಳೆಯುವ ಟ್ರಾಮು. ಕಡಲದಂಡೆಯ ರಸ್ತೆಯಲ್ಲಿ ಹಾಕಿದ ಹಳಿಗಳ ಮೇಲೆ ಅದು ಮೊದಲು ಓಡಿದ್ದು 1876ರ ಆಗಸ್ಟ್‌ನಲ್ಲಿ. ಹಾಕಿಸಿದವರು ಥಾಮಸ್ ಲೈಟ್‌ಫುಟ್ ಎಂಬ ಎಂಜಿನಿಯರ್.

ಆ ಕಾಲಕ್ಕೆ ಇದು ಅಲಂಕಾರವಲ್ಲ, ಅಗತ್ಯ. ಲ್ಯಾಂಕಾಷೈರ್‌ನ ಗಿರಣಿ ಕೆಲಸಗಾರರು ಬೇಸಿಗೆಯ ರಜೆಗೆ ಹಡಗು ಹತ್ತಿ ಇಲ್ಲಿಗೆ ಬರುತ್ತಿದ್ದರು. 1913ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ದ್ವೀಪಕ್ಕೆ ಬಂದರು. ಬಂದರಿನಲ್ಲಿ ಇಳಿದವರನ್ನು ಕಡಲದಂಡೆಯುದ್ದಕ್ಕೂ ಇದ್ದ ವಸತಿಗೃಹಗಳಿಗೆ ಒಯ್ಯುವುದೇ ಟ್ರಾಮಿನ ಕೆಲಸ. ಜಟಕಾ ಎಳೆಯುವ ಕುದುರೆಗೆ ನಾಲ್ಕಾರು ಜನರೇ ಭಾರ. ಆದರೆ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ತೀರ ಕಡಿಮೆ. ಹಾಗಾಗಿ ಒಂದೇ ಕುದುರೆ ಮೂವತ್ತು ಜನ ಕುಳಿತ ಗಾಡಿಯನ್ನು ಎಳೆಯಬಲ್ಲದು.

ಆದರೂ ಹಣಕಾಸಿನ ತೊಡಕು ತಪ್ಪಲಿಲ್ಲ. 1900ರಲ್ಲಿ ಡಂಬೆಲ್ಸ್ ಬ್ಯಾಂಕ್ ಮುಳುಗಿದಾಗ ಅದರೊಂದಿಗೆ ಟ್ರಾಮಿನ ಒಡೆತನದ ಕಂಪನಿಯೂ ಕುಸಿಯಿತು. 1902ರಲ್ಲಿ ಡಗ್ಲಸ್ ನಗರಸಭೆ ಅದನ್ನು ಕೊಂಡಿತು. ಬಸ್ಸುಗಳು ಬಂದ ಮೇಲೆ, 1927ರಿಂದ, ಟ್ರಾಮು ಬೇಸಿಗೆಯಲ್ಲಿ ಮಾತ್ರ ಓಡತೊಡಗಿತು. ಮುಂದೆ ಬ್ರಿಟಿಷರು ಅಗ್ಗದ ವಿಮಾನ ಹತ್ತಿ ಸ್ಪೇನ್‌ನ ಬಿಸಿಲು ಹುಡುಕಿಕೊಂಡು ಹೊರಟಾಗ ಡಗ್ಲಸ್‌ನ ಬೇಸಿಗೆಯೂ ಬಡವಾಯಿತು.

ಪಾರಂಪರಿಕ ವಾಹನಗಳ ಕಷ್ಟ ಇಲ್ಲೇ ಇದೆ. ವರಮಾನ ಕೆಲವೇ ತಿಂಗಳದ್ದು, ವೆಚ್ಚ ವರ್ಷವಿಡೀ. ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸಿದರೆ ಡೀಸೆಲ್ ಖರ್ಚಾಗುವುದಿಲ್ಲ. ಕುದುರೆ ಲಾಯದಲ್ಲಿ ನಿಂತರೂ ಮೇವು ತಿನ್ನುತ್ತದೆ. ಅದಕ್ಕೆ ಲಾಳ ಬೇಕು, ಆರೈಕೆ ಬೇಕು. ಇಡೀ ದಿನ ಒಂದೇ ಕುದುರೆಯನ್ನು ದುಡಿಸುವಂತಿಲ್ಲವಾದ್ದರಿಂದ ಗಾಡಿಗಳಿಗಿಂತ ಹೆಚ್ಚು ಕುದುರೆಗಳನ್ನು ಸಾಕಬೇಕು. ಉಪ್ಪುಗಾಳಿ ಹಳಿಯನ್ನೂ ಗಾಡಿಯ ಕಬ್ಬಿಣವನ್ನೂ ತಿನ್ನುತ್ತದೆ. ಟಿಕೆಟ್ ದರ ಏರಿಸಿ ಇದನ್ನೆಲ್ಲ ತುಂಬಿಕೊಳ್ಳೋಣವೆಂದರೆ ಪಕ್ಕದಲ್ಲೇ ಬಸ್ಸು ಓಡುತ್ತಿರುತ್ತದೆ.

2016ರ ಜನವರಿಯಲ್ಲಿ ನಗರಸಭೆ ಕೈಚೆಲ್ಲಿತು. ಹಿಂದಿನ ವರ್ಷದ ನಷ್ಟ 2,63,000 ಪೌಂಡ್. ಇನ್ನು ಟ್ರಾಮು ಓಡಿಸುವುದಿಲ್ಲ ಎಂದು ಸಾರಿತು. 140 ವರ್ಷ ತುಂಬಲಿದ್ದ ವರ್ಷದಲ್ಲೇ ಈ ಸುದ್ದಿ ಬಂದದ್ದರಿಂದ ಜನ ಸಿಡಿದೆದ್ದರು, ಸಹಿ ಸಂಗ್ರಹ ನಡೆಯಿತು. ಕೊನೆಗೆ ದ್ವೀಪದ ಸರ್ಕಾರವೇ ಹೊಣೆ ಹೊತ್ತುಕೊಂಡಿತು. ಅದೇ ಆಗಸ್ಟ್‌ನಲ್ಲಿ ನಗರಸಭೆ ಆರು ಹಳೆಯ ಗಾಡಿಗಳನ್ನು ಹರಾಜು ಹಾಕಿತು. ಆಮೇಲೆ ಕಡಲದಂಡೆಯ ರಸ್ತೆಯನ್ನು ಹೊಸದಾಗಿ ಕಟ್ಟುವ ಕಾಮಗಾರಿಯಿಂದ ಟ್ರಾಮು ನಿಂತಿತು. ಅದು ಮರಳಿ ಬಂದದ್ದು 2022ರ ಜುಲೈ ಕೊನೆಯಲ್ಲಿ. ಆಗಲೂ ಬಂದರಿನವರೆಗೆ ಅಲ್ಲ, ಹಳೆಯ ದಾರಿಯ ಒಂದು ಭಾಗದಲ್ಲಿ ಮಾತ್ರ.

ಹಾಗಾದರೆ ನಗರಸಭೆಯ ಲೆಕ್ಕ ತಪ್ಪಾಗಿತ್ತೆ? ತಪ್ಪಿರಲಿಲ್ಲ. ಟ್ರಾಮನ್ನು ಸಾರಿಗೆಯೆಂದು ನೋಡಿದರೆ ಅದು ನಷ್ಟದ ಬಾಬತ್ತು. ಆದರೆ ಅದನ್ನು ನೋಡಲು ಬಂದವರು ಹೋಟೆಲಿನಲ್ಲಿ ಉಳಿಯುತ್ತಾರೆ, ಅಂಗಡಿಯಲ್ಲಿ ಕೊಳ್ಳುತ್ತಾರೆ. ಖರ್ಚು ಟ್ರಾಮಿನ ಖಾತೆಗೆ, ಗಳಿಕೆ ಇತರರ ಗಲ್ಲಾಪೆಟ್ಟಿಗೆಗೆ. ಆ ಗಳಿಕೆಯಲ್ಲಿ ಟ್ರಾಮಿನ ಪಾಲು ಎಷ್ಟೆಂದು ಕರಾರುವಾಕ್ಕಾಗಿ ಅಳೆಯುವುದು ಕಷ್ಟ. ನಷ್ಟದ ಅಂಕಿ ಮಾತ್ರ ಕಣ್ಣಿಗೆ ರಾಚುತ್ತದೆ.

ಇನ್ನೊಂದು ಮುಖವೂ ಇದೆ. ಟ್ರಾಮನ್ನು ಎಂದೂ ಹತ್ತದವರೂ ತೆರಿಗೆಯ ಮೂಲಕ ಅದರ ವೆಚ್ಚ ಭರಿಸುತ್ತಾರೆ. ಅದೇ ಹಣ ಆಸ್ಪತ್ರೆಗೂ ಶಾಲೆಗೂ ಬೇಕು. ಆದ್ದರಿಂದ ಪರಂಪರೆಯ ಹೆಸರು ಹೇಳಿದ ಮಾತ್ರಕ್ಕೆ ಲೆಕ್ಕ ಕೇಳಬಾರದು ಎನ್ನುವಂತಿಲ್ಲ. ಯಾವ ಲೆಕ್ಕ ಕೇಳಬೇಕು ಎಂಬುದು ಮುಖ್ಯ. ಸಾರ್ವಜನಿಕ ಉದ್ಯಾನ ಲಾಭ ತರಲಿಲ್ಲವೆಂದು ಯಾರೂ ಅದಕ್ಕೆ ಬೀಗ ಹಾಕುವುದಿಲ್ಲ. ಅದಕ್ಕೆ ಇಷ್ಟು ಹಣವೆಂದು ಮೊದಲೇ ಗೊತ್ತುಮಾಡಿ ಕೊಡುತ್ತಾರೆ. ಹಳೆಯ ಟ್ರಾಮು ಉಳಿಯಬೇಕಾದರೂ ಅದೇ ದಾರಿ. ಬೇಸಿಗೆಯಲ್ಲಿ ಅದರ ಮುಂದೆ ಫೋಟೋ ತೆಗೆಸಿಕೊಳ್ಳುವ ಊರು, ಚಳಿಗಾಲದ ಮೇವಿನ ಖರ್ಚನ್ನೂ ತನ್ನದೆಂದು ಒಪ್ಪಿಕೊಳ್ಳಬೇಕಾಗುತ್ತದೆ.