ಟಿವಿ ಮಬ್ಬಾಗಿದೆಯಾ? ಹೊಸದು ತರೋ ಮುಂಚೆ ಮೆನು ಬಟನ್ ಒತ್ತಿ ನೋಡಿ

(ಈ ವಾರದ ಸಂಚಿಕೆಯ ಬರಹ ರೂಪ)

ಅಥಣಿ ತಾಲ್ಲೂಕಿನ ಐಗಳಿಯಿಂದ ಮಾತಾಡ್ತಾ ಇದ್ದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ. ಓದಿದವನು, ಟಿವಿ ರಿಪೇರಿ ಕಲಿತವನಲ್ಲ. ಆದರೆ ಇವತ್ತಿನ ವಿಷಯ ಅರ್ಧ ರಿಪೇರಿದು, ಅರ್ಧ ದುಡ್ಡಿನ ಲೆಕ್ಕದ್ದು.

ಯುಗಾದಿ ಆದ ವಾರ ನಮ್ಮ ಕಾಕಾ ಫೋನ್ ಮಾಡಿದ್ರು. "ತಮ್ಮಾ, ಟಿವಿ ಎಲ್ಲಾ ಮಬ್ಬ ಮಬ್ಬ ಕಾಣಾಕತ್ತೈತಿ. ಪ್ಯಾನೆಲ್ ಹೋಗೇತಿ ಅಂತ ಮೆಕ್ಯಾನಿಕ್ ಹೇಳ್ಯಾನ. ಯಾವ ಟಿವಿ ತಗೋಳೂಣು ಹೇಳು." ಒಣದ್ರಾಕ್ಷಿ ಮಾರಿ ಬಂದ ದುಡ್ಡಿನಲ್ಲಿ 22,000 ತೆಗೆದಿಟ್ಟಿದ್ರು. ನಾನು ಹೋಗಿ ಮಾಡಿದ್ದು ಒಂದೇ ಕೆಲಸ: ಟಿವಿ ರಿಮೋಟ್‌ನಲ್ಲಿ ಮೆನು ಬಟನ್ ಒತ್ತಿದೆ. ಹಿಂದೆ ಧಾರಾವಾಹಿ ಮಬ್ಬು, ಮೇಲೆ ಬಂದ ಮೆನುವಿನ ಅಕ್ಷರ ಮಾತ್ರ ಹೊಳೀತಾ ಇತ್ತು. ಅಂದರೆ ಪ್ಯಾನೆಲ್ ಚೆನ್ನಾಗೇ ಇತ್ತು.

ಯಾಕೆ ಹಾಗೆ?

ಡಿಶ್‌ನಿಂದ ಬಾಕ್ಸಿಗೆ, ಬಾಕ್ಸಿನಿಂದ ವೈರಿಗೆ, ವೈರಿನಿಂದ ಟಿವಿಗೆ. ಚಿತ್ರ ಬರೋ ದಾರಿ ಇದು. ಆದರೆ ಟಿವಿಯ ಸ್ವಂತ ಮೆನು ಈ ದಾರಿಯಲ್ಲಿ ಬರೋದಿಲ್ಲ, ಅದನ್ನು ಟಿವಿನೇ ಪರದೆ ಮೇಲೆ ಮೂಡಿಸುತ್ತೆ. ಹಾಗಾಗಿ ಮೆನು ಸ್ವಚ್ಛ, ಚಿತ್ರ ಕೆಟ್ಟದು ಅಂದ್ರೆ ತೊಂದರೆ ದಾರಿಯಲ್ಲೋ ಸೆಟ್ಟಿಂಗ್ಸ್‌ನಲ್ಲೋ ಇದೆ. ಮೆನು ಮೇಲೂ ಗೆರೆ, ಕಲೆ, ಬಣ್ಣಗೇಡು ಕಂಡ್ರೆ ಮಾತ್ರ ಟಿವಿ ಮೇಲೆ ಅನುಮಾನ ಪಡಿ. ಒಂದು ಎಚ್ಚರ: ಒತ್ತಬೇಕಾದ್ದು ಟಿವಿ ರಿಮೋಟ್‌ನ ಮೆನು, ಡಿಶ್ ಬಾಕ್ಸಿನದಲ್ಲ.

ಮೆನು ಸ್ವಚ್ಛ ಇದ್ರೆ

ಮೊದಲು ವೈರ್ ನೋಡಿ. ಹಳದಿ-ಕೆಂಪು-ಬಿಳಿ ಪಿನ್ನಿನ ಎವಿ ವೈರ್ ಹಳೇ ಡಬ್ಬಾ ಟಿವಿ ಕಾಲದ್ದು. ಅದರಲ್ಲಿ ಎಚ್‌ಡಿ ಚಿತ್ರ ಹರಿಯೋದೇ ಇಲ್ಲ. ಕಾಕಾ ಮನೆಯಲ್ಲಿ ಆಗಿದ್ದೂ ಇದೇ. ಹಬ್ಬಕ್ಕೆ ಬಣ್ಣ ಹಚ್ಚುವಾಗ ಎಲ್ಲಾ ಬಿಚ್ಚಿ, ವಾಪಸ್ ಹಾಕುವಾಗ ಕೈಗೆ ಸಿಕ್ಕ ಎವಿ ವೈರ್ ಹಾಕಿದ್ರು. ಎಚ್‌ಡಿಎಂಐ ಕೇಬಲ್ ಅಟ್ಟದ ಮೇಲಿನ ಡಬ್ಬಿಯಲ್ಲೇ ಇತ್ತು. ಅದನ್ನು ಹಾಕಿ, ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಶನ್ 1080 ಮಾಡಿದ್ವಿ. ಖರ್ಚು ಸೊನ್ನೆ.

ಎರಡನೇದು ಚಾನೆಲ್. ಎಸ್‌ಡಿ ಚಾನೆಲ್ ಅಂದ್ರೆ ಹೆಚ್ಚಂದ್ರೆ 720 x 576, ಸುಮಾರು 4 ಲಕ್ಷ ಚುಕ್ಕಿ. ಫುಲ್ ಎಚ್‌ಡಿ ಪರದೆಗೆ ಬೇಕಾದ್ದು 1920 x 1080, ಸುಮಾರು 20 ಲಕ್ಷ. ಒಂದು ಚುಕ್ಕಿಯನ್ನು ಐದು ಕಡೆ ಹಂಚಿದ ಹಾಗೆ. ಇಲ್ಲಿ ಇನ್ನೂ ದೊಡ್ಡ ಟಿವಿ ತಂದ್ರೆ ಮಬ್ಬು ಇನ್ನೂ ಎದ್ದು ಕಾಣುತ್ತೆ.

ಮೂರನೇದು ಸಿಗ್ನಲ್. ಚಿತ್ರ ಚೌಕ ಚೌಕ ಒಡೆದು ನಿಂತುಬಿಟ್ರೆ ಅದು ಡಿಶ್ ಕಡೆಯ ಕಥೆ. ಆ್ಯಂಟೆನಾ ಕಾಲದಲ್ಲಿ ಸಿಗ್ನಲ್ ಕಡಿಮೆಯಾದ್ರೆ ಪರದೆ ತುಂಬ ಚುಕ್ಕಿ ಕುಣೀತಿದ್ವು, ಆದ್ರೂ ಕಾಣ್ತಿತ್ತು. ಡಿಜಿಟಲ್‌ನಲ್ಲಿ ಸಾಕಷ್ಟು ಸಿಗ್ನಲ್ ಇದ್ರೆ ಪೂರ್ತಿ ಚಿತ್ರ, ಇಲ್ಲಾಂದ್ರೆ ಒಡೆಯುತ್ತೆ. ಡಿಡಿ ಫ್ರೀ ಡಿಶ್ ಬರೋದು 93.5 ಡಿಗ್ರಿ ಪೂರ್ವದಲ್ಲಿರೋ ಜಿಸ್ಯಾಟ್-15 ಉಪಗ್ರಹದಿಂದ, ನಮ್ಮೂರಿಂದ ಅದು ಆಗ್ನೇಯ ದಿಕ್ಕು. ಆ ಕಡೆ ಗಿಡ ಬೆಳೆದು ಅಡ್ಡ ಬಂದಿದೆಯಾ, ಕೇಬಲ್ ಪಿನ್ ಸಡಿಲಾಗಿ ನೀರು ಇಳಿದಿದೆಯಾ ನೋಡಿ. ಜೋರು ಮಳೆಯಲ್ಲಿ ಹೋದ್ರೆ ಮಳೆ ನಿಲ್ಲೋವರೆಗೆ ಕಾಯಿರಿ, ಯಾರನ್ನೂ ಕರೆಸಬೇಡಿ.

ಯೂಟ್ಯೂಬ್ ಮಾತ್ರ ಮಬ್ಬಾ? ಕ್ವಾಲಿಟಿ 'ಆಟೋ'ದಲ್ಲಿದ್ರೆ ನೆಟ್ ನಿಧಾನ ಆದಾಗ 480ಕ್ಕೋ 360ಕ್ಕೋ ಇಳಿದಿರುತ್ತೆ. ನೆಟ್‌ಫ್ಲಿಕ್ಸ್ ಹೇಳೋ ಲೆಕ್ಕದಲ್ಲಿ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ವೇಗ ಬೇಕು.

ಮುಖದ ಅಂಚಿಗೆ ಬಿಳಿ ಗೆರೆ, ಬಣ್ಣ ಅತಿಯಾಗಿದೆಯಾ? ಶಾರ್ಪ್‌ನೆಸ್ ಇಳಿಸಿ, 'ವಿವಿಡ್' ಬಿಟ್ಟು 'ಸ್ಟ್ಯಾಂಡರ್ಡ್' ಇಡಿ.

ಕಂಪ್ಯೂಟರ್ ಇದ್ದವರಿಗೆ

ಇಲ್ಲಿ ಮೆನು ಬದಲು ಸ್ಕ್ರೀನ್‌ಶಾಟ್. ಪರದೆ ಮೇಲೆ ಗೆರೆ ಕಂಡಾಗ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಅದರಲ್ಲಿ ಗೆರೆ ಇಲ್ಲ ಅಂದ್ರೆ ಹೆಚ್ಚಾಗಿ ಮಾನಿಟರ್ ಅಥವಾ ಕೇಬಲ್ ತೊಂದರೆ. ಸ್ಕ್ರೀನ್‌ಶಾಟ್‌ನಲ್ಲೂ ಇದ್ರೆ ತೊಂದರೆ ಕಂಪ್ಯೂಟರ್ ಒಳಗೆ. ಅಕ್ಷರ ಮಬ್ಬಾಗಿದ್ರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 'ರೆಕಮೆಂಡೆಡ್' ಅಂತಿರೋ ರೆಸಲ್ಯೂಶನ್ ಆರಿಸಿ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದಾಗ ಅಂಚು ಕತ್ತರಿಸಿ ಹೋದ್ರೆ, ಟಿವಿಯಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಹುಡುಕಿ.

ಮೆನು ಕೂಡ ಕಾಣದಿದ್ರೆ

ಧ್ವನಿ ಬರುತ್ತೆ, ಪರದೆ ಪೂರ್ತಿ ಕಪ್ಪು. ಆಗ ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚ್ ಹತ್ತಿರದಿಂದ ಓರೆಯಾಗಿ ಬಿಡಿ. ನೆರಳಿನಂತೆ ಚಿತ್ರ ಕಂಡ್ರೆ ಪ್ಯಾನೆಲ್ ಜೀವಂತ ಇದೆ, ಹಿಂದಿನ ಬ್ಯಾಕ್‌ಲೈಟ್ ಹೋಗಿದೆ. ಎಲ್ಇಡಿ ಪಟ್ಟಿ ಬದಲಿಸೋ ಖರ್ಚು ಪ್ಯಾನೆಲ್ ಖರ್ಚಿಗಿಂತ ಬಹಳ ಕಡಿಮೆ. ಆದರೆ ಟಿವಿ ಹಿಂಬದಿ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರಬಹುದು.

ಉದ್ದುದ್ದ ಗೆರೆ ಮೆನು ಮೇಲೂ ಅಲ್ಲಾಡದೆ ನಿಂತಿದ್ರೆ ಹೆಚ್ಚಾಗಿ ಪ್ಯಾನೆಲ್ಲೇ ಹೋಗಿರುತ್ತೆ. ವಾರಂಟಿ ಇಲ್ಲದಿದ್ರೆ ಪ್ಯಾನೆಲ್ ದರ ಕೇಳಿ, ಹೊಸ ಟಿವಿ ದರದ ಪಕ್ಕ ಬರೆದು, ಆಮೇಲೆ ತೀರ್ಮಾನ ಮಾಡಿ.

ಮನೆಯಲ್ಲಿ ಹಿರಿಯರು ಮೆಕ್ಯಾನಿಕ್ ಹೇಳಿದ್ದೇ ಖರೆ ಅಂತಾರೆ, ಯಾಕಂದ್ರೆ ಪರೀಕ್ಷೆ ಮಾಡೋ ದಾರಿ ಅವರಿಗೆ ಯಾರೂ ತೋರಿಸಿರಲ್ಲ. ನೀವು ತೋರಿಸಿ. ಕಾಕಾನ 22,000 ಹಂಗೇ ಉಳೀತು. ಈಗ ಓಣಿಯಲ್ಲಿ ಯಾರ ಟಿವಿ ಕೆಟ್ರೂ ಅವರೇ ಹೋಗಿ, "ಮೊದ್ಲ ಮೆನು ಒತ್ತ್ರಿ" ಅಂತಾರೆ. ಮುಂದಿನ ವಾರ ಸಿಗೋಣ್ರಿ.