ಅರವತ್ತು ಚುಕ್ಕಿ, ಆಕಾಶದಷ್ಟು ಖುಷಿ

ನಿಮ್ಮ ಒಂದು ಕಣ್ಣಿನ ಅಕ್ಷಿಪಟದಲ್ಲಿ ಬೆಳಕು ಹಿಡಿಯುವ ಕೋಶಗಳು ಎಷ್ಟಿವೆ ಗೊತ್ತೆ? ಸುಮಾರು 12 ಕೋಟಿ! 2011ರ ಜನಗಣತಿಯ ಲೆಕ್ಕದಲ್ಲಿ ಹೇಳುವುದಾದರೆ ಇಡೀ ಕರ್ನಾಟಕದ ಜನಸಂಖ್ಯೆಯ ಇಮ್ಮಡಿ. ಅದೂ ಒಂದೇ ಕಣ್ಣಿನಲ್ಲಿ.

ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಾಯಿಲೆ ಈ ಜನಸಾಗರವನ್ನು ವರ್ಷಗಟ್ಟಲೆ ಸದ್ದಿಲ್ಲದೆ ಬರಿದು ಮಾಡುತ್ತದೆ. ಆ ಜಾಗಕ್ಕೆ 2002ರಲ್ಲಿ ಅಮೆರಿಕದ ಸೆಕೆಂಡ್ ಸೈಟ್ ಕಂಪನಿ ಕಳಿಸಿದ್ದು ಕಣ್ಣೊಳಗೆ ಕೂರಿಸುವ ಸಾಧನವೊಂದರ 16 ಎಲೆಕ್ಟ್ರೋಡುಗಳನ್ನು. ಒಂದೊಂದರ ಹೆಗಲಿಗೂ 75 ಲಕ್ಷ ಕೋಶಗಳ ಕೆಲಸ! ಅದರ ಮುಂದಿನ ಅವತಾರ ಆರ್ಗಸ್-2ರಲ್ಲಿ ಇದ್ದದ್ದು 60. ಆಗಲೂ ತಲೆಗೆ 20 ಲಕ್ಷ. ಎರಡು ಕರ್ನಾಟಕಕ್ಕೆ ಸೇರಿ ಅರವತ್ತೇ ಶಾಸಕರು ಎಂದುಕೊಳ್ಳಿ. ಇರುವ ಒಂದಕ್ಕೇ ನಾವು 224 ಮಂದಿಯನ್ನು ಆರಿಸುತ್ತೇವೆ, ಅದೂ ಸಾಲದೆಂದು ಗೊಣಗುತ್ತೇವೆ.

ಫುಲ್ ಎಚ್‌ಡಿ ಮೊಬೈಲ್ ಪರದೆಯಲ್ಲಿ 20,73,600 ಚುಕ್ಕಿಗಳಿರುತ್ತವೆ. ಪ್ರತಿ 34,560ರಲ್ಲಿ ಒಂದನ್ನು ಮಾತ್ರ ಉಳಿಸಿ ಮಿಕ್ಕದ್ದನ್ನೆಲ್ಲ ಆರಿಸಿಬಿಟ್ಟರೆ ಉಳಿಯುವುದು ಆರ್ಗಸ್-2ರ ನೋಟ, ಎಲೆಕ್ಟ್ರೋಡಿಗೊಂದು ಚುಕ್ಕಿ. 2013ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಾಗ ಇದರ ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್. ಅಂದರೆ ಚುಕ್ಕಿಗೆ 2,500 ಡಾಲರ್, ಆಗಿನ ದರದಲ್ಲೇ ಲಕ್ಷ ರೂಪಾಯಿ ದಾಟುವ ಚುಕ್ಕಿ! ಇಷ್ಟೆಲ್ಲ ಸುರಿದು ಸಿಕ್ಕ ದೃಷ್ಟಿ, ಅದೂ ಅತ್ಯುತ್ತಮ ಫಲಿತಾಂಶ ಪಡೆದವರಿಗೆ, 20/1260. ಆರೋಗ್ಯವಂತ ಕಣ್ಣು 1,260 ಅಡಿ ಆಚೆಯಿಂದ ಓದುವ ಅಕ್ಷರವನ್ನು ಇವರು 20 ಅಡಿಗೆ ತಂದುಕೊಳ್ಳಬೇಕು. ಜೋಗದ ಒಂದೂವರೆ ಪಟ್ಟು ಎತ್ತರ, ಒಂದು ಅಂಗಳದಷ್ಟಕ್ಕೆ ಕುಗ್ಗಿತು.

ಇಷ್ಟಕ್ಕಾಗಿ ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳಲು ಯಾರು ಬರುತ್ತಾರೆ? ಬಂದರು! 2007ರಲ್ಲಿ ಶುರುವಾದ ಪ್ರಯೋಗಕ್ಕೆ 30 ಮಂದಿ. ಮೊಮ್ಮಗುವಿನ ಮುಖ ಕಾಣಲು 60 ಚುಕ್ಕಿ ಏತಕ್ಕೂ ಸಾಲದು. ಆದರೂ ನನಗಲ್ಲದಿದ್ದರೆ ಮುಂದಿನವರಿಗಾದರೂ ಆಗಲಿ ಎಂದು ಬಂದವರಿದ್ದರು. ಕತ್ತಲಿಗಿಂತ ಯಾವುದಾದರೂ ವಾಸಿ ಎಂದು ಬಂದವರೂ ಇದ್ದರು. ಐದು ವರ್ಷವಾದ ಮೇಲೂ 24 ಮಂದಿಯ ಕಣ್ಣಿನಲ್ಲಿ ಸಾಧನ ಕೆಲಸ ಮಾಡುತ್ತಿತ್ತು. ಬಾಗಿಲಿನ ಅಂಚು, ರಸ್ತೆ ದಾಟುವ ಬಿಳಿಪಟ್ಟೆ, ಬಾಣಬಿರುಸಿನ ಹೊಳಪು: ಇವು ಅವರ ಸಂಪಾದನೆ. ಇದು ನೋಟವೇ ಅಲ್ಲ, ಬರೀ ಮಿಣುಕು ಎಂದು ಬೇಸತ್ತವರೂ ಇದ್ದರು. ಅವರನ್ನು ದೂರುವ ಧೈರ್ಯ ನನಗಂತೂ ಇಲ್ಲ. ಒಟ್ಟು 350ಕ್ಕೂ ಹೆಚ್ಚು ಮಂದಿ ಇದನ್ನು ಹಾಕಿಸಿಕೊಂಡರು. 2019ರಲ್ಲಿ ಕಂಪನಿ ಆರ್ಗಸ್-2ರ ತಯಾರಿಕೆಯನ್ನೇ ಕೈಬಿಟ್ಟಿತು.

ಈಗ ಪ್ರಿಮಾ ಬಂದಿದೆ, ಕಣ್ಣೊಳಗೇ ಕೂರಿಸುವ 378 ಚುಕ್ಕಿಗಳ ಚಿಪ್. ಉದ್ದ 2 ಮಿಲಿಮೀಟರ್, ಅಗಲ 2 ಮಿಲಿಮೀಟರ್, ದಪ್ಪ 30 ಮೈಕ್ರಾನ್. ತಲೆಗೂದಲಿನ ಅರ್ಧದಷ್ಟೂ ಇಲ್ಲ! ಯುರೋಪಿನ 5 ದೇಶಗಳ 17 ಕೇಂದ್ರಗಳಲ್ಲಿ 38 ಮಂದಿ ಹಾಕಿಸಿಕೊಂಡರು. ಎಲ್ಲರೂ ಅರವತ್ತು ದಾಟಿದವರು, ವಯಸ್ಸಿನ ಸವೆತದಿಂದ ಅಕ್ಷಿಪಟದ ನಡುಭಾಗ ಕಳೆದುಕೊಂಡವರು. ವರ್ಷ ತುಂಬಿದಾಗ ಪರೀಕ್ಷೆಗೆ ಕುಳಿತವರು 32. ಅವರಲ್ಲಿ 26 ಮಂದಿಯ ದೃಷ್ಟಿ ಗಣನೀಯವಾಗಿ ಸುಧಾರಿಸಿತ್ತು. ಕಣ್ಣಿನ ಡಾಕ್ಟರ ಚಾರ್ಟಿನಲ್ಲಿ ಸರಾಸರಿ 5 ಸಾಲು ಕೆಳಕ್ಕಿಳಿದರು; ಒಬ್ಬರಂತೂ 12 ಸಾಲು! ಬಣ್ಣವಿಲ್ಲ, ಕಪ್ಪುಬಿಳುಪು ಮಾತ್ರ. ಕ್ಯಾಮೆರಾ ಕನ್ನಡಕ ಹಾಕಿಕೊಂಡು ತಿಂಗಳುಗಟ್ಟಲೆ ಅಭ್ಯಾಸವನ್ನೂ ಮಾಡಬೇಕು. ಹಾಗಿದ್ದೂ ಮೂರರಲ್ಲಿ ಇಬ್ಬರು ತಮ್ಮ ತೃಪ್ತಿಗೆ ಮಧ್ಯಮದಿಂದ ಮೇಲಿನ ಅಂಕ ಕೊಟ್ಟರು. ಕೋಟಿಗಟ್ಟಲೆ ಚುಕ್ಕಿಗಳ ಟಿವಿ ಕೊಂಡವರೂ ಇಷ್ಟು ಉದಾರವಾಗಿ ಅಂಕ ಕೊಡುವುದನ್ನು ನಾನು ಕಂಡಿಲ್ಲ.

ಇದೇ ಬಗೆಯ ದೃಷ್ಟಿನಾಶಕ್ಕೆ ಸಿಕ್ಕವರು ಜಗತ್ತಿನಲ್ಲಿ 50 ಲಕ್ಷಕ್ಕೂ ಹೆಚ್ಚು. ಆ 38 ಮಂದಿಯಲ್ಲಿ ಒಬ್ಬೊಬ್ಬರ ಹಿಂದೆಯೂ 1 ಲಕ್ಷ 30 ಸಾವಿರ ಜನರ ಸರದಿ! ಈಗ ತಮಾಷೆ ನೋಡಿ: 50 ಲಕ್ಷ ಮಂದಿಗೂ ಒಂದೊಂದು ಚಿಪ್ ತಯಾರಿಸಿ ನೆಲದ ಮೇಲೆ ಒತ್ತೊತ್ತಾಗಿ ಹಾಸಿದರೆ ಬೇಕಾಗುವ ಜಾಗ 20 ಚದರ ಮೀಟರ್. ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನ ಐದನೇ ಒಂದು ಭಾಗದಲ್ಲಿ ಆ ಐವತ್ತು ಲಕ್ಷವೂ ಹಿಡಿಸುತ್ತದೆ. ಎರಡೂ ಕಣ್ಣಿಗೆ ಬೇಕೆಂದರೂ ಅರ್ಧ ಸೈಟು ತುಂಬದು.