ಬಿಟ್ಟ ಮನೆಗೆ ಮತ್ತೆ ಬರಬಹುದಾ?

ಒಕ್ಕೂಟ ಬಿಟ್ಟು ಹೋದ ದೇಶ
ಮತ್ತೆ ಒಳಗೆ ಬರಬಹುದಾ?

ಬ್ರಿಟನ್ ಕಥೆ ನೋಡ್ರಿ.
2016ರಲ್ಲಿ ಜನಮತ ಆಯ್ತು.
ಸುಮಾರು 52 ಪ್ರತಿಶತ ಮತ, ‘ಬಿಡೋಣ’ ಅಂತ.
2020ರ ಜನವರಿ 31ಕ್ಕೆ
ಐರೋಪ್ಯ ಒಕ್ಕೂಟದಿಂದ ಹೊರಗೆ.

ಮರಳೋಕೆ ದಾರಿ ಇದೆ.
ಆದ್ರೆ ಹೊಸಬರ ಹಾಗೆ ಅರ್ಜಿ ಹಾಕಬೇಕು.
27 ದೇಶಗಳೂ ಒಪ್ಪಬೇಕು.
ಒಂದು ಬೇಡ ಅಂದ್ರೂ ಮುಗೀತು.

ನಮ್ಮ ಕೂಡು ಕುಟುಂಬ ನೆನೆಸಿಕೊಳ್ರಿ.
ಪಾಲು ತಗೊಂಡು
ಬೇರೆ ಒಲೆ ಹೂಡಿದ ತಮ್ಮ
ಮತ್ತೆ ಬಂದ್ರೆ ಬಾಗಿಲು ತೆಗೀತಾರೆ.
ಹಳೇ ಕೋಣೆ ಸಿಗುತ್ತಾ?
ಅದು ಮಾತುಕತೆ ಮೇಲೆ.
ಬ್ರಿಟನ್‌ಗೆ ಆಗ ಯೂರೋ ಬೇಡ ಅನ್ನೋ ವಿನಾಯಿತಿ ಇತ್ತು.
ಮತ್ತೆ ಸಿಗೋ ಖಾತ್ರಿ ಇಲ್ಲ.

ಕೂಡೋದು ಎಷ್ಟು ಕಷ್ಟ ಅಂತ
ನಮ್ಮ ಶರಣಸಿರಸಗಿ ಊರಿಗೆ, ಕಲಬುರಗಿಗೆ ಗೊತ್ತು.
1947ರಲ್ಲಿ ದೇಶ ಸ್ವತಂತ್ರ.
ನಾವಿನ್ನೂ ನಿಜಾಮನ ಆಳ್ವಿಕೆಯಲ್ಲಿ.
1948ರ ಸೆಪ್ಟೆಂಬರ್ 17ಕ್ಕೆ ವಿಮೋಚನೆ.
1956ರ ನವೆಂಬರ್ 1ಕ್ಕೆ ಕನ್ನಡದ ಮನೆಗೆ.
ಹಿಂದುಳಿದ ನಮ್ಮ ಭಾಗಕ್ಕೆ
ವಿಶೇಷ ಸ್ಥಾನ ಕೊಡೋ ಸಂವಿಧಾನದ 371 ಜೆ ವಿಧಿ ಜಾರಿಯಾಗಿದ್ದು 2013ರಲ್ಲಿ!

ಬ್ರಿಟನ್ ಮರಳಬಹುದು.
ಆದ್ರೆ ಸಹಿ ಹಾಕೋಕೆ ಒಂದು ದಿನ ಸಾಕು,
ಒಂದೇ ಮನೆಯವರಾಗೋಕೆ
ತಲೆಮಾರೇ ಬೇಕು.
ನಮ್ಮ ಅಜ್ಜ, ಅಜ್ಜಿಯನ್ನ ಕೇಳಿ ನೋಡ್ರಿ.